ಕುದುರೆ ಹತ್ತದ ಮುತ್ಯಾ

ಕುರಿ ಮುತ್ಯಾನ ಎಡಗಿವಿ ಅರ್ಧವೇ ಇತ್ತು. ಮೇಲಿನ ಅಂಚು ಎಂದೋ ಹರಿದುಹೋಗಿ, ಉಳಿದದ್ದು ಬಿಸಿಲಿಗೆ ಒಣಹಾಕಿದ ಬದನೆಕಾಯಿ ಹೋಳಿನಂತೆ ಒಳಕ್ಕೆ ಮುದುಡಿಕೊಂಡಿತ್ತು. ಅದು ಮುಚ್ಚುವ ಹಾಗೆ ಅವನು ಕೆಂಪು ರುಮಾಲು ಸುತ್ತುತ್ತಿದ್ದ. ಮಾತಿನ ಭರದಲ್ಲಿ ರುಮಾಲು ಒಂದಿಷ್ಟು ಮೇಲೆ ಸರಿದರೆ ಸಾಕು, ಹೂವಿನ ಹಿಪ್ಪರಗಿಯ ನಮ್ಮ ಓಣಿಯ ಮಕ್ಕಳೆಲ್ಲ ಉಸಿರು ಬಿಗಿಹಿಡಿದು ಆ ಕಿವಿಯನ್ನೇ ನೋಡುತ್ತಿದ್ದೆವು. ಭೀಮಾ ದಂಡೆಯಲ್ಲಿ ತೋಳದ ಜೊತೆ ಬರಿಗೈಯಲ್ಲಿ ಕುಸ್ತಿ ಹಿಡಿದಾಗ ಅದು ಕಚ್ಚಿಕೊಂಡು ಹೋದದ್ದು ಎಂದು ನಮಗೆಲ್ಲ ಗೊತ್ತಿತ್ತು. ಯಾರು ಹೇಳಿದರೋ ಗೊತ್ತಿಲ್ಲ. ಮುತ್ಯಾ ಹೇಳಿರಲಿಲ್ಲ. ಅಲ್ಲ ಎಂದೂ ಹೇಳಿರಲಿಲ್ಲ.

ಕುರಿ ಕಾಯುವ ಅಜ್ಜನಾದ್ದರಿಂದ ನಮಗೆಲ್ಲ ಅವನು ಕುರಿ ಮುತ್ಯಾ. ಅವನ ಊರು ಮುದ್ದೇಬಿಹಾಳದ ಕಡೆ, ಕೃಷ್ಣೆಗೆ ಹತ್ತಿರ. ದೀಪಾವಳಿ ಆಯಿತೆಂದರೆ ಹೆಂಡತಿಯನ್ನೂ ಕುರಿಗಳನ್ನೂ ಕರೆದುಕೊಂಡು ಹೊರಡುತ್ತಿದ್ದ. ಬಸವನ ಬಾಗೇವಾಡಿ ದಾಟಿ, ನಮ್ಮ ಹಿಪ್ಪರಗಿಯಲ್ಲಿ ಕೆಲವು ದಿನ ತಂಗಿ, ಸಿಂದಗಿ ಮೇಲಿಂದ ಇಂಡಿ ಸೀಮೆಯ ಭೀಮಾ ದಂಡೆಯವರೆಗೆ ಹೋಗಿ, ಯುಗಾದಿಯ ಹೊತ್ತಿಗೆ ಅದೇ ದಾರಿ ಹಿಡಿದು ವಾಪಸು. ಹೊಲದವರು ಅವನಿಗಾಗಿ ಕಾದಿರುತ್ತಿದ್ದರು. ಬೆಳೆ ತೆಗೆದ ಹೊಲದಲ್ಲಿ ಕುರಿ ತರುಬಿದರೆ, ಅಂದರೆ ಹಿಂಡನ್ನು ರಾತ್ರಿ ಅಲ್ಲೇ ನಿಲ್ಲಿಸಿ ಮಲಗಿಸಿದರೆ, ಹಿಕ್ಕೆ ಬಿದ್ದು ನೆಲಕ್ಕೆ ಕಸುವು ಬರುತ್ತದೆ. ಅದಕ್ಕೆ ಪ್ರತಿಯಾಗಿ ಅವನಿಗೆ ಜೋಳ ಸಿಗುತ್ತಿತ್ತು.

ಹಿಂಡಿನ ಜೊತೆ ಒಂದು ಕಂದು ಕುದುರೆ ಇರುತ್ತಿತ್ತು. ಕುದುರೆ ಅಂದರೆ ತಟ್ಟು; ನಮ್ಮಪ್ಪನ ಎದೆಮಟ್ಟ ಬಂದರೆ ಹೆಚ್ಚು. ಅದರ ಬೆನ್ನ ಮೇಲೆ ಇಡೀ ಸಂಸಾರ: ಕಂಬಳಿ, ಬೋಗುಣಿ, ಜೋಳದ ಚೀಲ, ಕಾಲು ಕಟ್ಟಿದ ಕೋಳಿಗಳು. ಎರಡೂ ಬದಿಗೆ ಜೋತುಬಿದ್ದ ಹಗ್ಗದ ಜಾಳಿಗೆಯೊಳಗೆ ಈಗಷ್ಟೇ ಹುಟ್ಟಿದ ಮರಿಗಳು, ತಲೆ ಮಾತ್ರ ಹೊರಗೆ. ಎಲ್ಲದರ ಮೇಲೆ ಹಳದಿ ಬಟ್ಟೆಯಲ್ಲಿ ಕಟ್ಟಿದ ದೇವರ ಗಂಟು, ಅದರಲ್ಲಿ ಭಂಡಾರ, ಅಂದರೆ ದೇವರ ಅರಿಸಿನ ಪುಡಿ. ದೇವರು ಕುಳಿತ ಬೆನ್ನಿನ ಮೇಲೆ ಮನುಷ್ಯ ಕೂಡುವಂತಿಲ್ಲ ಎಂಬುದು ಅವರ ಮನೆತನದ ನೇಮ. ಮುತ್ಯಾನ ಹೆಂಡತಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಆಯಿ ಕುದುರೆಯ ಹಗ್ಗ ಹಿಡಿದು ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದಳು. ಮುತ್ಯಾ ಎಲ್ಲರಿಗಿಂತ ಹಿಂದೆ, ಹಿಂಡು ಎಬ್ಬಿಸಿದ ದೂಳಿನಲ್ಲಿ ಬರುತ್ತಿದ್ದ.

ಒಂದು ಸಲ ನಮ್ಮೂರಿನ ಮದುವೆಮನೆಯವರು ವಿಡಿಯೋ ತರಿಸಿ ಓಣಿಯಲ್ಲೇ ಒಂದು ಇಂಗ್ಲಿಷ್ ಪಿಕ್ಚರ್ ಹಾಕಿದರು. ಅಗಲ ಅಂಚಿನ ಟೋಪಿ, ಸೊಂಟಕ್ಕೆ ಪಿಸ್ತೂಲು, ಬಾಯಲ್ಲಿ ಕಡ್ಡಿ, ಕೆಳಗೆ ಗಾಳಿಯಂತೆ ಓಡುವ ಕುದುರೆ. ಮಾತು ಒಂದೂ ತಿಳಿಯಲಿಲ್ಲ. ತಿಳಿಯಬೇಕಾದ ಅಗತ್ಯವೂ ಇರಲಿಲ್ಲ. ಆ ಸವಾರನಿಗೆ ಯಾವುದಕ್ಕೂ ಹೆದರಿಕೆ ಇಲ್ಲ ಎನ್ನುವುದಷ್ಟು ತಿಳಿದರೆ ಸಾಕಿತ್ತು. ನಮ್ಮ ಮುತ್ಯಾ ಇವನೇ ಎಂದು ನಾನು ಅಲ್ಲೇ ತೀರ್ಮಾನಿಸಿಬಿಟ್ಟೆ. ಮರುದಿನ ಬೆಳಿಗ್ಗೆ ಹೊಲಕ್ಕೆ ಓಡಿದೆ.

"ಮುತ್ಯಾ, ನೀ ಯಾಕ ಕುದುರಿ ಹತ್ತಂಗಿಲ್ಲ?"

"ದೇವರು ಕುಂತಾನಲ್ಲವಾ ಮಗಳ."

"ದೇವರನ್ನ ಇಳಿಸಿ ಹತ್ತು."

ಅವನು ನಕ್ಕ. "ಹತ್ತಿದಾಂವ ಮುಂದ ನೋಡ್ತಾನ. ಕುಂಟೋ ಕುರಿ ಹಿಂದ ಇರ್ತೈತಿ."

ನನಗೆ ಆ ಉತ್ತರ ಒಂದಿಷ್ಟೂ ಹಿಡಿಸಲಿಲ್ಲ. ತೋಳದ ಜೊತೆ ಕುಸ್ತಿ ಹಿಡಿದವನು ಹೇಳುವ ಮಾತೇ ಅದು? ಮನೆಗೆ ಬಂದು ಗೆಳತಿಯರಿಗೆ, ಮುತ್ಯಾ ಯಾರೂ ಇಲ್ಲದಾಗ ಕುದುರೆ ಹತ್ತುತ್ತಾನೆ, ನಾನೇ ನೋಡಿದ್ದೇನೆ ಎಂದು ಹೇಳಿದೆ. ಅವರೂ ನೋಡಿದ್ದೇವೆ ಎಂದರು.

ಮುಂದೆ ಮದುವೆಯಾಗಿ ಇಂಡಿಯ ಹತ್ತಿರದ ಹಳ್ಳಿಗೆ ಬಂದೆ. ಲಿಂಬಿ ತೋಟದ ಮನೆ, ಒಳ್ಳೆಯ ಜನ. ಆದರೆ ನಾನು ಹುಟ್ಟಾ ಪುಕ್ಕಲು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನವರೆಗೆ ಹೋಗಿ ತಿರುಗಿ ಬರುವವಳು. ಗಂಡ ಬೈಕಿನಲ್ಲಿ ಸಿಂದಗಿಗೆ ಹೋಗಿ ಸ್ವಲ್ಪ ತಡವಾದರೆ, ಅವರು ಹೊಸ್ತಿಲು ತುಳಿಯುವ ಮೊದಲೇ ನಾನು ಮನಸ್ಸಿನಲ್ಲಿ ಅವರನ್ನು ದವಾಖಾನೆಗೆ ಸೇರಿಸಿ, ಡಾಕ್ಟರು ತಲೆ ಅಲ್ಲಾಡಿಸಿ ಆಗಿರುತ್ತಿತ್ತು. "ಇಕಿ ಎದಿಯೊಳಗ ಒಂದು ಗುಬ್ಬಿ ಕುಂತೈತಿ, ಒಂದ ಸವನ ಪಟಪಟ ಅಂತೈತಿ" ಎಂದು ಅತ್ತೆ ನಗುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಒಳಗೆ ಗುಬ್ಬಿ ತನ್ನ ಕೆಲಸ ತಾನು ಮಾಡುತ್ತಿತ್ತು.

ಮೊದಲ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನಮ್ಮ ಹೊಲದ ಕಡೆಯಿಂದ ಪರಿಚಿತ ಗಂಟೆಯ ಸದ್ದು ಕೇಳಿ ಓಡಿ ಹೋದರೆ, ಬೆಳೆ ತೆಗೆದ ಹೊಲದ ನಡುವೆ ಕೆಂಪು ರುಮಾಲು. ನನ್ನ ತವರಿನಿಂದ ನನ್ನ ಗಂಡನ ಮನೆಗೆ ಅವನ ದಾರಿ ಮೊದಲಿನಿಂದಲೂ ಇತ್ತು, ನನಗೆ ಗೊತ್ತಿರಲಿಲ್ಲ ಅಷ್ಟೆ. ಕಂಬಳಿಯ ಮಡಿಕೆಯಿಂದ ಒಂದು ಗಂಟು ತೆಗೆದುಕೊಟ್ಟ. "ನಿಮ್ಮವ್ವ ಕೊಟ್ಟಾಳ." ಶೇಂಗಾ ಹೋಳಿಗೆ, ಅಷ್ಟು ದೂರ ನಡೆದು ಬಂದು ಪುಡಿಪುಡಿಯಾಗಿತ್ತು. ಅಲ್ಲೇ ಬದುವಿನ ಮೇಲೆ ಕುಳಿತು ಆ ಪುಡಿಯನ್ನು ಮುಕ್ಕುತ್ತಾ ಅತ್ತುಬಿಟ್ಟೆ.

"ಮನಿ ಮಂದಿ ಬೈತಾರೇನು?" ಎಂದು ಕೇಳಿದ.

"ಇಲ್ಲ ಮುತ್ಯಾ. ನನಗ ಎಲ್ಲಾಕ್ಕೂ ಅಂಜಿಕಿ ಬರ್ತೈತಿ. ಇವರು ನಗ್ತಾರ."

ಅವನು ಅತ್ತಿತ್ತ ನೋಡಿ ರುಮಾಲು ಬಿಚ್ಚಿದ. ಅವನ ಬರಿದಲೆಯನ್ನು ನಾನು ನೋಡಿದ್ದು ಅದೇ ಮೊದಲು. ಆ ಕಿವಿಯನ್ನು ಬೆರಳಿನಿಂದ ಮುಂದಕ್ಕೆ ಎಳೆದು ತೋರಿಸಿದ.

"ಇದು ತೋಳ ಕಚ್ಚಿದ್ದಲ್ಲ. ತೋಳ ಬಂತಂತ ಅಂಜಿ ಜಾಲಿ ಗಿಡ ಹತ್ತಿದೆ. ಮುಳ್ಳು ಹರೀತು. ಗಿಡದ ಮ್ಯಾಲ ಕುಂತು ಹಂಗ ಚೀರಿದೆ, ಆ ಚೀರಾಟಕ್ಕ ತೋಳನ ಓಡಿ ಹೋತು."

"ಮತ್ತ ಮಂದಿ ಕುಸ್ತಿ ಅಂತಾರಲ್ಲ?"

"ಅನ್ನಲಿ ಬಿಡು. ಆ ಸುದ್ದಿ ಕೇಳಿ ಕುರಿಗಳ್ಳರು ನನ್ನ ಹಟ್ಟಿ ಕಡೆ ಬರಂಗಿಲ್ಲ." ರುಮಾಲನ್ನು ಮತ್ತೆ ಸುತ್ತತೊಡಗಿದ. "ಖರೇ ಹೇಳ್ತೇನಿ ಕೇಳು ಯವ್ವಾ. ಅಂಜಾಂವಗಷ್ಟ ಕುರಿ ಕಾಯಾಕ ಬರ್ತೈತಿ. ಅಂಜದಾಂವ ನಿದ್ದಿ ಹೊಡಿತಾನ."

ಅಲ್ಲಿಯವರೆಗೆ ನನ್ನ ಅಂಜಿಕೆಯನ್ನು ಯಾರೂ ಒಂದು ಕೆಲಸಕ್ಕೆ ಬರುವ ವಸ್ತು ಎಂದು ನೋಡಿರಲಿಲ್ಲ. ನನಗಂತೂ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಗುಬ್ಬಿ ಹಾರಿಹೋಯಿತು ಎಂದೇನೂ ಅಲ್ಲ. ಇರಲಿ ಬಿಡು, ಕಾಯುತ್ತಿದೆ ಎಂದುಕೊಂಡು ಅದರ ಜೊತೆ ಸಂಸಾರ ಮಾಡುವುದನ್ನು ಕಲಿತೆ.

ಹೀಗೆ ಪ್ರತಿ ಚಳಿಗಾಲ ಅವನು ಬರುವುದು, ಹಿಪ್ಪರಗಿಯ ಸುದ್ದಿ ತರುವುದು, ಹೋಗುವಾಗ ನನ್ನ ಕಡೆಯಿಂದ ಲಿಂಬಿಕಾಯಿ ಒಯ್ಯುವುದು. ಮನೆಮನೆಗೆ ಫೋನು ಬಂದಮೇಲೂ ಅದು ನಿಲ್ಲಲಿಲ್ಲ. ಆದರೆ ವರ್ಷ ವರ್ಷಕ್ಕೆ ಅವನು ಬರುವುದು ತಡವಾಗುತ್ತಾ ಹೋಯಿತು. ಕಾಲುವೆ ನೀರು ಬಂದ ಕಡೆ ಹೊಲ ಖಾಲಿ ಬೀಳುವುದೇ ನಿಂತಿತು. ಕಬ್ಬು, ದ್ರಾಕ್ಷಿ, ಲಿಂಬಿ. ಅವುಗಳ ಸುತ್ತ ಮುಟ್ಟಿದರೆ ಕರೆಂಟು ಹೊಡೆಯುವ ಝಟಕಾ ತಂತಿ. "ಮೊದಲು ಹೊಲ ಕಂಡ್ರ ದಾರಿ ಕಂಡಂಗ. ಈಗ ದಾರಿ ಕಂಡ್ರೂ ತಂತಿ ಎಲ್ಲೈತಿ ಅಂತ ಹುಡುಕ್ತೇನಿ" ಅನ್ನುತ್ತಿದ್ದ. ಬಳಸಿ ಬಳಸಿ ಬರುವುದರಲ್ಲಿ ಹಿಂಡು ಸೊರಗುತ್ತಿತ್ತು. ದೀಪಾವಳಿ ಕಳೆದು ದಿನಗಳು ಸರಿದಂತೆ ನಾನು ಮಾಳಿಗೆ ಹತ್ತಿ ರಸ್ತೆ ನೋಡುತ್ತಿದ್ದೆ.

ನನ್ನ ಮೈದುನನಿಗೆ ಇಂಡಿಯಲ್ಲಿ ಫೋಟೋ ಸ್ಟುಡಿಯೋ. ಮದುವೆ, ಸೀಮಂತ, ತೊಟ್ಟಿಲು, ಎಲ್ಲದಕ್ಕೂ ಅವನೇ. ಮೂವತ್ತು ದಾಟಿದರೂ ಹುಡುಗುತನ ಬಿಟ್ಟಿಲ್ಲ. ಕರುಳು ಮಾತ್ರ ಬೆಣ್ಣೆ. ಒಂದು ಚಳಿಗಾಲ ಅವನ ಕಣ್ಣು ಮುತ್ಯಾನ ಮೇಲೆ ಬಿತ್ತು. "ವೈನಿ, ಇಂಥಾ ಮುಖ ಎಲ್ಲಿ ಸಿಗತೈತಿ? ಇಂವ ನಮ್ಮ ಜಿಲ್ಲಾದ ಕೌಬಾಯ್" ಎಂದ. ಮುತ್ಯಾನಿಗೆ ಕೌಬಾಯ್ ಎಂದರೆ ಏನೆಂದು ತಿಳಿಸಲು ಮೊಬೈಲಿನಲ್ಲಿ ಒಂದು ಪಿಕ್ಚರಿನ ತುಣುಕು ತೋರಿಸಿದ. ಮುತ್ಯಾ ಮೊಬೈಲನ್ನು ಕೈಯಷ್ಟು ದೂರ ಹಿಡಿದು ಕೊನೆಯವರೆಗೂ ನೋಡಿದ.

"ಇಂವ ಏನ್ ಕೆಲಸಾ ಮಾಡ್ತಾನ?"

"ದನಾ ಕಾಯ್ತಾನ ಮುತ್ಯಾ."

"ದನಾ ಎಲ್ಲಿ ಅದಾವ?"

"ಅವು... ಎಲ್ಲೋ ಇರ್ತಾವ. ಇದರಾಗ ತೋರಿಸಿಲ್ಲ."

"ದನಾ ಎಲ್ಲೋ ಬಿಟ್ಟು ಜಗಳಾಡ್ಕೋತ ಹೊಂಟಾನಲ್ಲ. ಕುದುರಿಗೆ ನೀರಾದ್ರೂ ಕುಡಿಸಿದ್ನೋ ಇಲ್ಲೋ" ಎಂದು ಮೊಬೈಲು ಹಿಂತಿರುಗಿಸಿದ.

ಆ ಮಾತು ನನ್ನ ತಲೆಯಲ್ಲಿ ಉಳಿದು, ಆಮೇಲೆ ಆ ಕೌಬಾಯ್‌ಗಳ ಬಗ್ಗೆ ಸಿಕ್ಕಿದ್ದನ್ನು ಓದಿದೆ. ಅವರೂ ಕೂಲಿಯವರೇ ಅಂತೆ, ಎಳೆಯ ಪ್ರಾಯದವರು, ಕರಿಯರು, ಮೆಕ್ಸಿಕೋ ಕಡೆಯವರು ಬಹಳ ಮಂದಿ. ದನ ಬೇರೆಯವರದು. ಪಿಸ್ತೂಲಿಗಿಂತ ಹೊಟ್ಟೆಯ ಚಿಂತೆ, ಮಳೆಯ ಚಿಂತೆ, ದನ ಬೆದರಿ ಓಡುವ ಚಿಂತೆ ಹೆಚ್ಚು. ಕೊನೆಗೆ ಬಯಲಿಗೆಲ್ಲ ಮುಳ್ಳುತಂತಿ ಬಿದ್ದು ಅವರ ದಾರಿ ಮುಚ್ಚಿತಂತೆ. ಹಿಂಡಿನ ಹಿಂದೆ ದೂಳು ತಿನ್ನುವ ಜಾಗಕ್ಕೆ ಹೊಸಬರನ್ನು ಹಾಕುತ್ತಿದ್ದರು ಎಂದೂ ಓದಿದೆ. ನಮ್ಮಲ್ಲಿ ಆ ಜಾಗ ಹಿರಿಯನದು.

ಮೈದುನ ಬಿಡಲಿಲ್ಲ. ಸೊಲ್ಲಾಪುರದಿಂದ ಅಗಲ ಅಂಚಿನ ಟೋಪಿ ತಂದ. ಮುತ್ಯಾ ಅದನ್ನಿಟ್ಟು, ಕುದುರೆ ಮೇಲೆ ಕುಳಿತು, ಮರಿ ಎತ್ತಿಕೊಂಡು ವಿಡಿಯೋಗೆ ನಗಬೇಕು, ಅಷ್ಟೇ. ಮುತ್ಯಾ ಕೋಲಿನ ತುದಿಯಿಂದ ನೆಲ ಕೆರೆದ. ಆ ವರ್ಷ ಕುರಿಗಳ್ಳರ ಕಾಟ ಹೆಚ್ಚಿತ್ತು; ಪಿಕಪ್ ಗಾಡಿ ತಂದು ಹಟ್ಟಿಗೆ ಹಟ್ಟಿಯನ್ನೇ ಎತ್ತಿಕೊಂಡು ಹೋಗುತ್ತಾರೆ ಎಂದು ಸಿಂದಗಿ ಕಡೆ ಸುದ್ದಿ. "ಕುದುರಿ ಮ್ಯಾಲ ನೋಡಿದ್ರ ಕಳ್ಳರಿಗೆ ಒಂದೀಟ ಅಂಜಿಕಿ ಬರಬಹುದೇನೋ" ಎಂದ ನನ್ನ ಕಡೆ ನೋಡಿ. ಕಿವಿಯ ಕಥೆ ಕೆಲಸ ಮಾಡಿದಂತೆ ಇದೂ ಮಾಡೀತು ಎಂದು ಅವನ ಲೆಕ್ಕ.

"ದೇವರು ಕುಂತ ಬೆನ್ನದು" ಎಂದಳು ಆಯಿ.

"ಈ ಮನಿ ಜ್ವಾಳಾ ಉಂಡೇವಿ. ತಮ್ಮ ಆಸೆ ಪಟ್ಟಾನ" ಎಂದ ಮುತ್ಯಾ, ಮೈದುನನನ್ನು ತೋರಿಸಿ.

ಆಯಿ ದೇವರ ಗಂಟನ್ನು ಇಳಿಸಿ ತನ್ನ ತಲೆಯ ಮೇಲಿಟ್ಟುಕೊಂಡಳು. ಮುತ್ಯಾ ರುಮಾಲು ತೆಗೆದು ಟೋಪಿ ಇಟ್ಟು, ಒಬ್ಬರ ಹೆಗಲು ಹಿಡಿದು ಕಷ್ಟಪಟ್ಟು ಕುದುರೆ ಹತ್ತಿದ. ಕುದುರೆಗೂ ಅದು ಹೊಸದು, ಕಿವಿ ಹಿಂದಕ್ಕೆ ಒತ್ತಿ ನಿಂತಿತು. ಟೋಪಿಯ ಕೆಳಗಿಂದ ಅರ್ಧ ಕಿವಿ ಇಡೀ ಲೋಕಕ್ಕೆ ಕಾಣುತ್ತಿತ್ತು. ಶೂಟಿಂಗ್ ಮುಗಿಯುವವರೆಗೂ ಆಯಿ ಆ ಗಂಟನ್ನು ಕೆಳಗಿಡಲಿಲ್ಲ.

ವಿಡಿಯೋ ಎಲ್ಲ ಕಡೆ ಓಡಿತು. ಆಮೇಲೆ ಬೈಕುಗಳು ಬರತೊಡಗಿದವು. ಕೌಬಾಯ್ ಎಲ್ಲಿ ಎಂದು ಕೇಳಿಕೊಂಡು ಬರುವವರು, ಮರಿ ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳುವವರು, ಕುರಿಗೆ ಬಿಸ್ಕಿಟ್ ತಿನಿಸುವವರು. ಹಿಂಡು ಎಲ್ಲಿದೆ ಎಂಬುದು ಈಗ ಊರಿಗೆಲ್ಲ ಗೊತ್ತು. ಕಳ್ಳರು ಅಂಜುವ ಮಾತು ಹಾಗಿರಲಿ, ಮುತ್ಯಾನ ನಿದ್ದೆ ಪೂರ್ತಿ ಹೋಯಿತು. ಹಾರ್ನ್ ಕೇಳಿದಾಗೆಲ್ಲ ಎದ್ದು ನಿಲ್ಲುತ್ತಿದ್ದ. ನಾನು ಅಡುಗೆಮನೆಯಲ್ಲಿ ಎದ್ದು ನಿಲ್ಲುತ್ತಿದ್ದೆ. "ಎರಡ ದಿನದಾಗ ಹಟ್ಟಿ ಎತ್ತತೇನಿ ಯವ್ವಾ" ಎಂದ.

ಹಟ್ಟಿ ಎತ್ತಿ ಮುಂದೆ ಹೊರಡುವ ಬೆಳಿಗ್ಗೆ ಮೈದುನ ಡ್ರೋನ್ ತಂದ. ಇಡೀ ಹಿಂಡು ಹೊರಡುವುದನ್ನು ಮೇಲಿಂದ ತೆಗೆಯುತ್ತಾನಂತೆ. ನೋಡಲು ಬೈಕಿನವರೂ ಸೇರಿದ್ದರು. ನಮ್ಮ ಹೊಲಕ್ಕೆ ಹೊಂದಿಕೊಂಡೇ ಪಕ್ಕದವರ ದ್ರಾಕ್ಷಿ ತೋಟ. ಅವರು ನಸುಕಿನಲ್ಲಿ ಎಣ್ಣೆ ಹೊಡೆದಿದ್ದರು. ನಮ್ಮ ಕಡೆ ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ಎಣ್ಣೆ ಎನ್ನುತ್ತಾರೆ. ಗಾಳಿಯಲ್ಲಿ ಅದರ ಘಾಟು ಇನ್ನೂ ಇತ್ತು. ಟ್ರ್ಯಾಕ್ಟರ್ ಹೋಗಲು ತೆಗೆದ ಗೇಟು ಹಾಗೇ ತೆರೆದಿತ್ತು. ನನಗೆ ಆ ಗೇಟನ್ನು ಬಿಟ್ಟು ಬೇರೆ ಏನೂ ಕಾಣದಾಯಿತು.

"ತಮ್ಮಾ, ಇವತ್ತ ಬ್ಯಾಡೋ."

"ವೈನಿ, ನಿಮಗ ಎಲ್ಲಾಕ್ಕೂ ಅಂಜಿಕಿ. ಎರಡ ನಿಮಿಷದ ಕೆಲಸ."

ಮೊದಲು ಡ್ರೋನ್ ಬಹಳ ಎತ್ತರದಲ್ಲಿತ್ತು, ಕುರಿಗಳು ಗಮನಿಸಲಿಲ್ಲ. ಆಯಿ ಕುದುರೆ ಹಿಡಿದು ಮುಂದೆ ಹೊರಟಳು, ಹಿಂಡು ಹಿಂದೆ ಸಾಗಿತು. ಗೇಟು ಮುಚ್ಚೋಣ ಎಂದು ನಾನು ಹೆಜ್ಜೆ ಕಿತ್ತೆ. ಅಷ್ಟರಲ್ಲಿ ಮೈದುನ ಡ್ರೋನನ್ನು ಕೆಳಕ್ಕೆ ಇಳಿಸಿದ. ಹದ್ದಿನ ನೆರಳಿಗೆ ಮರಿ ಬೆದರುವುದು ಹುಟ್ಟುಗುಣ. ಆ ನೆರಳು ಗುಂಯ್ ಎನ್ನುತ್ತಾ ಬಂದರೆ ಕೇಳಬೇಕೆ? ಹಿಂಡು ನಡುವೆ ಒಡೆದು, ಅರ್ಧ ರಸ್ತೆಯ ಕಡೆಗೂ ಅರ್ಧ ಆ ಗೇಟಿನ ಕಡೆಗೂ ನುಗ್ಗಿತು.

"ಕುದುರಿ ಹತ್ತು ಮುತ್ಯಾ! ಹತ್ತು!" ಎಂದು ಬೈಕಿನವರು ಕೂಗಿದರು. ಎಲ್ಲರ ಕೈಯಲ್ಲೂ ಮೊಬೈಲು.

ಮುತ್ಯಾ ಕುದುರೆಯ ಕಡೆಗೇ ಓಡಿ ಬಂದ. ಹತ್ತಲಿಲ್ಲ. ಜಾಳಿಗೆಗೆ ಕೈಹಾಕಿ ಒಂದು ಮರಿಯನ್ನು ಆಯಿಗೆ ಕೊಟ್ಟ, ಒಂದನ್ನು ನನ್ನ ಮೇಲೆ ಎಸೆದಂತೆ ಕೊಟ್ಟ, ಒಂದನ್ನು ತಾನು ಹಿಡಿದ. "ಕಿವಿ ಹಿಂಡು ಯವ್ವಾ! ಅಳಸು ಅದನ್ನ!" ಎಂದು ಕೂಗಿದ. ನಾನು ಆ ಎಳೆಯ ಕಿವಿ ಹಿಂಡಿದೆ. ಮರಿ ಚೀರಿತು. ಅದಕ್ಕಿಂತ ಜೋರಾಗಿ ನಾನು ಅತ್ತೆ. ಮೂರು ಮರಿಗಳು ಒಂದೇ ಸಮನೆ ಅರಚುವಾಗ, ರಸ್ತೆಯ ಕಡೆ ಓಡುತ್ತಿದ್ದ ತಾಯಿಕುರಿಗಳು ಒಮ್ಮೆಲೇ ನಿಂತವು, ತಿರುಗಿದವು, ಕಬ್ಬಿನ ಲಾರಿಯೊಂದರ ಮುಂದಿನಿಂದಲೇ ವಾಪಸು ಓಡಿ ಬಂದವು. ಅವುಗಳ ಹಿಂದೆ ಉಳಿದವೂ ಬಂದವು. ನಮ್ಮ ಕಾಲಿಗೆ ಕುರಿಗಳು ಬಂದು ಬಂದು ಬಡಿದವು.

ಆದರೆ ಮರಿ ಇಲ್ಲದ ಎಳೆ ಕುರಿಗಳು ದ್ರಾಕ್ಷಿ ತೋಟದೊಳಗೆ ಹೊಕ್ಕಿದ್ದವು. ಮರಿಯ ಅಳುವಿಗೆ ಅವು ಯಾಕೆ ತಿರುಗುತ್ತವೆ? ಮುತ್ಯಾ ತೋಟದೊಳಗೆ ಹೋದ. ಓಡಿದರೆ ಇನ್ನೂ ಒಳಕ್ಕೆ ಹೋಗುತ್ತವೆ ಎಂದು ನಿಧಾನ ನಡೆದ, ಬಾಯಲ್ಲಿ ಹುರ್ರ್ ಹುರ್ರ್ ಎನ್ನುತ್ತಾ. ಅವನ್ನೆಲ್ಲ ಹೊರಗೆ ತರುವ ಹೊತ್ತಿಗೆ ಬಾಯಿಬಾಯಲ್ಲಿ ಎಲೆ ಇತ್ತು.

ಆ ಹಗಲನ್ನು ನಾನು ಮರೆಯಲಾರೆ. ಯಾವುದು ತಿಂದಿದೆ, ಯಾವುದು ಬರೀ ಮೂಸಿದೆ, 'ನಾನು ತಿಂದೆ' ಎಂದು ಕುರಿ ಹೇಳುವುದಿಲ್ಲ. ದನದ ಡಾಕ್ಟರಿಗೆ ಫೋನು ಮಾಡಿದರೆ ಅವರು ಬೇರೆ ಹಳ್ಳಿಯಲ್ಲಿದ್ದರು, ಬರುತ್ತೇನೆ ಎಂದರು. ಅಲ್ಲಿಯವರೆಗೆ ಕಾಯುವುದು. ಮುತ್ಯಾ ಒಂದೊಂದರ ಬಾಯಿ ಬಿಡಿಸಿ, ಮೂಸಿ, ಕಣ್ಣುಗುಡ್ಡೆ ನೋಡಿ, ಮುಂದಿನದಕ್ಕೆ ಹೋಗುತ್ತಿದ್ದ. ಕೊನೆಗೆ ಬಂದರೆ ಮತ್ತೆ ಮೊದಲಿನಿಂದ. ಒಂದು ಕುರಿಯ ಕಾಲು ನಡುಗಿದರೆ ನಾನು ಮುತ್ಯಾನನ್ನು ಕೂಗುತ್ತಿದ್ದೆ. ಬಾಯಲ್ಲಿ ನೊರೆ ಬಂತು ಎಂದರೆ ಮುಗಿಯಿತು. ಡಾಕ್ಟರು ಬಂದು ಸೂಜಿ ಹಾಕುವುದರೊಳಗೆ ಕೆಲವು ಮಲಗಿಬಿಟ್ಟಿದ್ದವು, ಸೂಜಿ ಹಾಕಿದ ಮೇಲೂ ಕೆಲವು ಮಲಗಿದವು. ಬೈಕಿನವರು ಯಾವಾಗ ಹೋದರೋ ಗೊತ್ತಿಲ್ಲ. ಮೈದುನ ಮಾತ್ರ ಒಂದು ಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅಳುತ್ತಾ ಕುಳಿತಿದ್ದ.

ಮುತ್ಯಾ ಅವನನ್ನು ಬೈಯಲಿಲ್ಲ. "ಅಳಬ್ಯಾಡ ತಮ್ಮಾ. ನಿನ್ನ ಮಶೀನ್‌ಗೇನು ಗೊತ್ತು. ದೇವರನ್ನ ಇಳಿಸಿದಾಂವ ನಾನು" ಎಂದ. ಆಯಿ ಗಂಟು ಬಿಚ್ಚಿದಳು. ಸತ್ತ ಒಂದೊಂದು ಕುರಿಯ ಹಣೆಗೂ ಅವನು ಭಂಡಾರ ಹಚ್ಚಿದ.

ಸಂಜೆ ದ್ರಾಕ್ಷಿ ತೋಟದವರು ಬಂದರು. ಬಳ್ಳಿ ಮುರಿದಿದ್ದವು, ಅವರ ಸಿಟ್ಟೂ ಸುಳ್ಳಲ್ಲ. ಊರ ಹಿರಿಯರು ಕುಳಿತು, ಬರುವ ವರ್ಷದಿಂದ ಈ ಸೀಮೆಯಲ್ಲಿ ಯಾರೂ ಕುರಿ ತರುಬಿಸಬಾರದು ಎಂದರು. ನನ್ನ ಗಂಡ ವಾದ ಮಾಡಿ ಸೋತರು. ಮುತ್ಯಾ ಕೈಮುಗಿದು ಕೇಳಿಸಿಕೊಂಡ.

ಮರುದಿನ ಅವನು ಹೊರಡುವ ಹೊತ್ತಿಗೆ ಹೊಸ ವಿಡಿಯೋ ಬಂದಿತ್ತು. ಬೈಕಿನವರಲ್ಲಿ ಯಾರೋ, ಟೋಪಿ ಇಟ್ಟು ಕುದುರೆ ಮೇಲೆ ಕುಳಿತ ಹಳೆಯ ತುಣುಕನ್ನೂ ಕುರಿಗಳು ರಸ್ತೆಯಿಂದ ತಿರುಗಿ ಓಡಿಬಂದದ್ದನ್ನೂ ಜೋಡಿಸಿ, ಹಿಂದೆ ಸಂಗೀತ ಹಾಕಿದ್ದರು. ಕುದುರೆ ಸವಾರನೊಬ್ಬ ಬೆದರಿದ ಹಿಂಡನ್ನು ಒಬ್ಬನೇ ತಿರುಗಿಸುತ್ತಾನೆ. ಬೇರೆಯವರಿಂದ ತಿಳಿಯುವುದಕ್ಕಿಂತ ನಾನೇ ತೋರಿಸುವುದು ಮೇಲು ಎಂದು ಮುತ್ಯಾನಿಗೆ ತೋರಿಸಿದೆ. ಅವನು ಮೊಬೈಲನ್ನು ಕೈಯಷ್ಟು ದೂರ ಹಿಡಿದು ನೋಡಿದ.

"ಇಂವ ಯಾರವಾ?"

"ನೀನ ಮುತ್ಯಾ."

ಇನ್ನೊಮ್ಮೆ ನೋಡಿದ. "ಚಲೋ ಆತು ಬಿಡು. ಇವನ ಕುರಿ ಒಂದೂ ಸತ್ತಿಲ್ಲ" ಎಂದು ಕೋಲು ಎತ್ತಿಕೊಂಡ.

ಮುಂದಿನ ವರ್ಷ ಅವನು ನಮ್ಮೂರ ಸೀಮೆಗೆ ಬರಲಿಲ್ಲ. ಡಾಂಬರು ರಸ್ತೆಯ ಅಂಚು ಹಿಡಿದು ಹೋಗುತ್ತಿದ್ದಾನೆ ಎಂದು ಯಾರೋ ಹೇಳಿದ್ದಕ್ಕೆ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಓಡಿದೆ. ಲಾರಿಗಳು ಪಕ್ಕದಲ್ಲೇ ಗುಡುಗುಡು ಹೋಗುತ್ತಿದ್ದವು. ಹಿಂಡು ಚಿಕ್ಕದಾಗಿತ್ತು. ಮುತ್ಯಾನ ಮೈ ಇಳಿದುಹೋಗಿತ್ತು. ಅಮ್ಮನ ಗಂಟನ್ನು ಮಾತ್ರ ಮರೆಯದೆ ತಂದಿದ್ದ.

"ಹೆಂಗದಿ ಮುತ್ಯಾ?"

"ಹಿಂಡು ಸಣ್ಣದಾತು. ಅಂಜಿಕಿ ಮಾತ್ರ ಮೊದಲಿನಷ್ಟ ಐತಿ" ಎಂದು ನಕ್ಕ. ಮಾತಾಡುತ್ತಲೇ ಅವನ ಕಣ್ಣು ಹಿಂದಿನ ರಸ್ತೆಯ ಮೇಲೆಯೇ ಇತ್ತು. ನಾನು ಅವನನ್ನು ಕೊನೆಯ ಸಲ ನೋಡಿದ್ದು ಅದೇ.

ಈ ಮಳೆಗಾಲದಲ್ಲಿ ಅಮ್ಮ ಫೋನು ಮಾಡಿ, ಕುರಿ ಮುತ್ಯಾ ತೀರಿಕೊಂಡ ಎಂದಳು. ತನ್ನ ಊರಿನಲ್ಲಿ, ತನ್ನ ಮನೆಯಲ್ಲಿ, ಜ್ವರ ಬಂದು ಮಲಗಿದವನು ಏಳಲಿಲ್ಲವಂತೆ. ಸಂಜೆಯ ಹೊತ್ತಿಗೆ ಎಲ್ಲರ ಸ್ಟೇಟಸ್ಸಿನಲ್ಲಿ ಆ ಟೋಪಿ, ಆ ಕುದುರೆ. ನಮ್ಮ ಕೌಬಾಯ್ ಇನ್ನಿಲ್ಲ, ಅಂಜಿಕೆ ಅರಿಯದ ಧೀರ ಎಂದೆಲ್ಲ ಬರೆದಿದ್ದರು. ಓದಿದಷ್ಟೂ ಅವನು ನನ್ನಿಂದ ದೂರ ಹೋಗುತ್ತಿದ್ದಾನೆ ಅನ್ನಿಸಿ ಗಾಬರಿಯಾಯಿತು.

ಮೈದುನನೇ ಗಾಡಿ ತೆಗೆದ. ಬಾಗೇವಾಡಿ ದಾಟಿ, ಮುದ್ದೇಬಿಹಾಳದ ಕಡೆಯ ಮುತ್ಯಾನ ಊರು ಸೇರಿದೆವು. ಆಯಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಹೊರಗೆ ಕುದುರೆಯ ಬೆನ್ನು ಬರಿದಾಗಿತ್ತು. ನೆಂಟರೊಬ್ಬರು ಪ್ರೀತಿಯಿಂದಲೇ ಆ ವಿಡಿಯೋ ಹಚ್ಚಿ ಅವಳ ಮುಂದೆ ಹಿಡಿದರು. ಆಯಿ ಮುಖ ತಿರುಗಿಸಿದಳು.

"ಅದು ಬ್ಯಾಡ. ಆ ಕುದುರಿ ಮ್ಯಾಲ ಇರಾಂವ ಯಾರೋ ಏನೋ" ಎಂದು, ಮೈದುನನನ್ನು ಹತ್ತಿರ ಕರೆದಳು. "ತಮ್ಮಾ, ಅವತ್ತ ಮ್ಯಾಲಿಂದ ತಗದಿಯಲ್ಲಾ, ಅದು ಐತೇನಪ್ಪಾ?"

ಮೈದುನನ ಮುಖ ಕಪ್ಪಿಟ್ಟಿತು. ಅದನ್ನು ಅವನು ಅಳಿಸಿರಲಿಲ್ಲ, ತೆರೆದೂ ನೋಡಿರಲಿಲ್ಲ. ಮೊಬೈಲಿನಲ್ಲಿ ಹುಡುಕಿ ತೆಗೆದು ನನ್ನ ಕೈಗಿಟ್ಟು ಹೊರಗೆ ಹೋಗಿಬಿಟ್ಟ.

ನಾನು ಆಯಿಯ ಪಕ್ಕ ಕುಳಿತು ಹಚ್ಚಿದೆ. ಬಹಳ ಮೇಲಿಂದ ತೆಗೆದದ್ದು. ನಮ್ಮ ಹೊಲ, ಎಲ್ಲಕ್ಕಿಂತ ಮುಂದೆ ಒಂದು ಕುದುರೆ, ಅದರ ಮುಂದೆ ಒಬ್ಬ ಹೆಂಗಸು. ಅವರ ಹಿಂದೆ ಸಾಗುವ ಕರಿ ಚುಕ್ಕಿಗಳ ಹಿಂಡು. ಹಿಂಡು ಮುಗಿದಮೇಲೆ, ಒಂದಿಷ್ಟು ಜಾಗ ಬಿಟ್ಟು, ಒಂದು ಕೆಂಪು ಚುಕ್ಕಿ.

ಆಯಿ ಅದರ ಮೇಲೆ ಬೆರಳಿಟ್ಟಳು. "ಇಂವ ನಮ್ಮಾಂವ."

ಇನ್ನೇನು ಡ್ರೋನಿನ ನೆರಳು ಇಳಿಯಬೇಕು. ನನ್ನ ಎದೆಯ ಗುಬ್ಬಿ ಎದ್ದು ಬಡಿದುಕೊಂಡಿತು. ನಾನು ಥಟ್ಟನೆ ನಿಲ್ಲಿಸಿದೆ.

"ಯಾಕ ನಿಂದರಿಸಿದಿ?"

"ಮುಂದ ಬ್ಯಾಡ ಆಯಿ."

"ಮುಂದಿಂದು ನನಗ ಗೊತ್ತೈತಿ" ಎಂದಳು ಆಯಿ. "ಮೊದಲಿಂದ ಹಾಕು."

ಮೊದಲಿಂದ ಹಾಕಿದೆ. ಮತ್ತೆ ಹಾಕು ಎಂದಳು, ಮತ್ತೆ ಹಾಕಿದೆ. ಪ್ರತಿ ಸಲವೂ ಆ ಕೆಂಪು ಚುಕ್ಕಿ ನಡುದಾರಿಯಲ್ಲಿ ಒಮ್ಮೆ ನಿಲ್ಲುತ್ತಿತ್ತು. ಹಿಂದೆ ಉಳಿದ ಒಂದು ಕರಿ ಚುಕ್ಕಿ ಕುಂಟುತ್ತಾ ಬಂದು ಸೇರುವವರೆಗೆ ಕಾದು, ಅದನ್ನು ಮುಂದೆ ಬಿಟ್ಟುಕೊಂಡು, ಮತ್ತೆ ನಡೆಯುತ್ತಿತ್ತು. ಅಲ್ಲಿಗೆ ಸರಿಯಾಗಿ ನಾನು ಬೆರಳು ಒತ್ತಿ ನಿಲ್ಲಿಸುತ್ತಿದ್ದೆ.